ಸಂಪಾದಕರ ಉತ್ತರ: ಎರಡು ಮನೆಗಳ ಎರಡು ಮುರಿತಗಳು

ಮಾನ್ಯರೇ,

ಬ್ರಹ್ಮಾವರದಿಂದ ನೀವು ಬರೆದ ಪತ್ರವೂ ಜೊತೆಗಿಟ್ಟ ಡಿಸ್ಚಾರ್ಜ್ ಸಮ್ಮರಿಯೂ ತಲುಪಿವೆ. ಆಟಿಯ ಮಳೆಗೆ ಪಾಚಿ ಕಟ್ಟಿದ್ದ ಅಂಗಳದಲ್ಲಿ ಜಾರಿಬಿದ್ದ ನಿಮ್ಮ 78 ವರ್ಷದ ತಾಯಿಯವರಿಗೆ ತೊಡೆಮೂಳೆಯೊಳಗೆ ರಾಡ್ ಹಾಕಿಸಿ ಎರಡೂವರೆ ತಿಂಗಳಾದರೂ ವಾಕರ್ ಬಿಡಲಾಗಿಲ್ಲ, ಕಾಲು ತುಸು ಗಿಡ್ಡವಾದಂತೆ ಕಾಣುತ್ತದೆ. ಅದೇ ಮಳೆಗಾಲದಲ್ಲಿ ಬಿದ್ದ ನೆರೆಮನೆಯ ಅಜ್ಜಿ 'ಬಾಲ್' ಬದಲಾಯಿಸಿಕೊಂಡು ಆಗಲೇ ದೇವಸ್ಥಾನಕ್ಕೆ ನಡೆದುಹೋಗುತ್ತಿದ್ದಾರೆ. ಹಾಗಾದರೆ ನಮಗೆ ಮಾಡಿದ ಆಪರೇಷನ್ನೇ ತಪ್ಪೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಆದರೆ ಈ ವಿಷಯದಲ್ಲಿ ಸ್ಥಿರಪಟ್ಟಿರುವ ಸಂಗತಿಗಳ ಆಧಾರದ ಮೇಲೆ, ಹಾಗೆ ಅನುಮಾನಿಸಲು ಕಾರಣವಿಲ್ಲ ಎನ್ನಬಲ್ಲೆ.

ತೊಡೆಮೂಳೆಯ ಮೇಲ್ತುದಿಯ ಗುಂಡು ಭಾಗಕ್ಕೆ (ನೀವು ಹೇಳುವ 'ಬಾಲ್' ಇದೇ) ರಕ್ತ ಬಹುಪಾಲು ಅದರ ಕೆಳಗಿನ ಸಪೂರ ಭಾಗವಾದ ಕತ್ತಿನ ಮೇಲೆ ಹಾದುಹೋಗುವ ಸಣ್ಣ ನಾಳಗಳಿಂದಲೇ ಸಿಗುತ್ತದೆ. ಕತ್ತು ಮುರಿದು ಜರುಗಿದರೆ ಆ ನಾಳಗಳೂ ಹರಿಯುವುದರಿಂದ ಮೂಳೆ ಕೂಡದೆ ಉಳಿಯುವ, ಇಲ್ಲವೇ ಗುಂಡು ಸತ್ತು ಕುಸಿಯುವ ಅಪಾಯವಿದ್ದು, ವಯಸ್ಸಾದವರಲ್ಲಿ ಅದನ್ನು ತೆಗೆದು ಕೃತಕ ಗುಂಡನ್ನೇ ಕೂರಿಸುತ್ತಾರೆ. ಅಲ್ಲಿ ಕೂಡಿಕೊಳ್ಳಬೇಕಾದ ಮೂಳೆಯೇ ಇಲ್ಲದಿರುವುದರಿಂದ ನೋವು ಬೇಗ ತಗ್ಗುತ್ತದೆ. ನಿಮ್ಮ ನೆರೆಮನೆಯವರದು ಇದು. ಕೀಲು ತಪ್ಪುವ, ಸೋಂಕು ತಗಲುವ ಭಯ ಅವರಿಗೂ ಇದ್ದೇ ಇದೆ.

ನಿಮ್ಮ ತಾಯಿಯವರದು ಕತ್ತಿಗಿಂತ ಕೆಳಗಿನ, ಇಂಟರ್‌ಟ್ರೊಕ್ಯಾಂಟರಿಕ್ ಎಂದು ಬರೆದಿರುವ ಮುರಿತ. ಅಲ್ಲಿ ರಕ್ತಸಂಚಾರ ಧಾರಾಳವಾಗಿರುವುದರಿಂದ ಮೂಳೆ ಬಹುತೇಕ ಕೂಡಿಕೊಳ್ಳುತ್ತದೆ, ಗುಂಡನ್ನು ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಒಳಗೇ ರಕ್ತ ಹೆಚ್ಚು ಸೋರಿ ನಿಶ್ಶಕ್ತಿಯಾಗುತ್ತದೆ. ಕೂಡುವಾಗ ತುಂಡುಗಳು ಒಂದರೊಳಗೊಂದು ಇಳಿದು ಕಾಲು ಸ್ವಲ್ಪ ಗಿಡ್ಡವಾಗುತ್ತದೆ. ಕಾಲನ್ನು ಬದಿಗೆ ಎತ್ತುವ ಸ್ನಾಯುಗಳು ಆ ಜಾಗಕ್ಕೇ ಅಂಟಿಕೊಂಡಿರುವುದರಿಂದ ಕುಂಟು ಉಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಇಂಥವರು ಹಿಂದೆ ಬಿದ್ದರೂ, ವರ್ಷ ತುಂಬುವ ಹೊತ್ತಿಗೆ ಎರಡೂ ಬಗೆಯವರ ನಡುವಿನ ಅಂತರ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಇನ್ನೂ ಕೆಳಗೆ, ಮೂಳೆಯ ದಂಡದಲ್ಲಿ ಮುರಿದರೆ ಕೂಡಲು ಹೆಚ್ಚು ಕಾಲ ಹಿಡಿಯುತ್ತದೆ. ಮೊಣಕಾಲಿನ ಹತ್ತಿರವಾದರೆ ಮಂಡಿ ಬಿಗಿದುಕೊಳ್ಳುತ್ತದೆ.

ಮುರಿತ ಯಾವ ಬಗೆಯದಾದರೂ ವೃದ್ಧಾಪ್ಯದಲ್ಲಿ ಅದು ಸಣ್ಣ ಸಂಗತಿಯಲ್ಲ. ಸೊಂಟದ ಬಳಿ ಮುರಿದುಕೊಂಡ ಹಿರಿಯರಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆಂದೂ, ಉಳಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲಿನ ನಡಿಗೆ ಮರಳುವುದಿಲ್ಲವೆಂದೂ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಬೀಳುವ ಮೊದಲು ಅವರು ಎಷ್ಟು ನಡೆಯುತ್ತಿದ್ದರು, ನೆನಪಿನ ಶಕ್ತಿ ಹೇಗಿತ್ತು, ಹೃದಯ ಮತ್ತು ಮೂತ್ರಪಿಂಡಗಳು ಎಷ್ಟು ಗಟ್ಟಿ ಎಂಬುದು ಮುರಿತದ ಬಗೆಗಿಂತ ಹೆಚ್ಚು ನಿರ್ಣಾಯಕ.

ಮೊದಲು ನಾಟಿ ವೈದ್ಯರಿಂದ ಎಣ್ಣೆ ಹಾಕಿ ಕಟ್ಟಿಸಿ ನಾಲ್ಕು ದಿನ ಮಲಗಿಸಿದ್ದೆವು ಎಂದು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಕಟುವೆನಿಸಿದರೆ ಮನ್ನಿಸಿ, ರಾಡೋ ಬಾಲೋ ಎಂಬುದಕ್ಕಿಂತ ಆ ನಾಲ್ಕು ದಿನಗಳೇ ನನಗೆ ಹೆಚ್ಚು ಚಿಂತೆಯವು. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಈಗ ಎಲ್ಲೆಡೆ ಒಪ್ಪಿತವಾದ ಮಾತು. ಭಾರತದ ಆಸ್ಪತ್ರೆಗಳೂ ಸೇರಿ 17 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಸುಮಾರು ಆರು ಗಂಟೆಯಲ್ಲಿ ಶಸ್ತ್ರಚಿಕಿತ್ಸೆ ಆದವರಿಗೂ ಸುಮಾರು ಒಂದು ದಿನ ಕಾದವರಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ತಾತ್ಕಾಲಿಕ ಬುದ್ಧಿಭ್ರಮಣೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು.

ಬಿದ್ದಾರೆಂಬ ಹೆದರಿಕೆಯಿಂದ ಅಮ್ಮನನ್ನು ಮಂಚ ಬಿಟ್ಟೇಳಲು ಬಿಡುತ್ತಿಲ್ಲ, ಗಂಜಿ-ಉಪ್ಪಿನಕಾಯಿಯನ್ನೂ ಅಲ್ಲಿಗೇ ಕೊಡುತ್ತೇವೆ ಎಂದಿದ್ದೀರಿ. ಎರಡನ್ನೂ ನಿಲ್ಲಿಸಿ. ಸ್ನಾಯು ಬೆಳೆಯಲು ಗಂಜಿಯೊಂದೇ ಸಾಲದು. ನಿಮ್ಮಲ್ಲಿ ರೂಢಿಯಿರುವಂತೆ ಮೀನು, ಮೊಟ್ಟೆ ಅಥವಾ ಹೆಸರುಕಾಳು, ಮೊಸರು ಬೇಕು. ಊಟಕ್ಕೆ ಅವರನ್ನು ಅಡುಗೆಮನೆಗೇ ನಡೆಸಿಕೊಂಡು ಬನ್ನಿ. ಫಿಸಿಯೋಥೆರಪಿಯವರು ಒಪ್ಪಿದರೆ, ಕಿಟಕಿಯ ಸರಳು ಹಿಡಿದು ನೆಟ್ಟಗೆ ನಿಂತು, ಮೈ ವಾಲಿಸದೆ, ಆಪರೇಷನ್ ಆದ ಕಾಲನ್ನು ಬದಿಗೆ ಒಂದು ಗೇಣು ಎತ್ತಿ ಇಳಿಸುವ ವ್ಯಾಯಾಮವನ್ನು ದಿನಕ್ಕೆ ಎರಡು ಮೂರು ಸಲ ಮಾಡಿಸಿ. ಕುಂಟು ತಗ್ಗುವುದು ಮುಖ್ಯವಾಗಿ ಇದರಿಂದಲೇ. ಕಾಲಿನ ಗಿಡ್ಡತನಕ್ಕೆ ಚಪ್ಪಲಿಯ ಅಡಿಗೆ ಪಟ್ಟಿ ಸೇರಿಸಿದರೆ ಸಾಕಾಗಬಹುದು.

ಇನ್ನೊಂದು ಮಾತು. ಸಮ್ಮರಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯ ಹೊರತು ಮೂಳೆ ಸವೆತಕ್ಕೆ ಬೇರೆ ಔಷಧ ಕಾಣಲಿಲ್ಲ. ಒಮ್ಮೆ ಹೀಗೆ ಮುರಿದವರಿಗೆ ಇನ್ನೊಂದು ಬದಿಯೂ ಮುರಿಯುವ ಸಂಭವ ಹೆಚ್ಚು. ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲ ಎಂಬ ಮೂಳೆ ಸವೆತದ ಔಷಧವನ್ನು ಶಸ್ತ್ರಚಿಕಿತ್ಸೆಯಾದ 90 ದಿನಗಳೊಳಗೆ ಆರಂಭಿಸಿ ನೋಡಿದ 2007ರ ಪ್ರಯೋಗದಲ್ಲಿ ಹೊಸ ಮುರಿತಗಳು 35 ಶೇಕಡಾ, ಸಾವುಗಳು 28 ಶೇಕಡಾ ಕಡಿಮೆಯಾಗಿದ್ದವು. ವಿಟಮಿನ್ ಡಿ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಇದನ್ನು ಕೊಡಬಹುದೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ. ಆದರೆ ತೊಡೆಸಂದಿನ ನೋವು ದಿನೇ ದಿನೇ ಏರುತ್ತಿದ್ದರೆ, ಅಥವಾ ಕಾಲು ಹಠಾತ್ತನೆ ಮತ್ತಷ್ಟು ಗಿಡ್ಡವಾದರೆ, ಆ ದಿನಾಂಕಕ್ಕೆ ಕಾಯಬೇಡಿ. ರಾಡಿನ ಮೂಲಕ ಗುಂಡಿನೊಳಗೆ ಕೂರಿಸಿದ ಸ್ಕ್ರೂ ಸರಿದಿರಬಹುದು, ಕೂಡಲೇ ಎಕ್ಸ್‌ರೇ ತೆಗೆಸಬೇಕು.

— ಸಂಪಾದಕ