ಆಂಟೆನಾದ ಬುಡದಲ್ಲಿ ಹೂಳುವ ತಂತಿಗಳು

ಪ್ರಶ್ನೆ: ಹ್ಯಾಮ್ (ಹವ್ಯಾಸಿ) ರೇಡಿಯೋ ಪರವಾನಗಿ ಪಡೆದು, ಹಿತ್ತಿಲಿನಲ್ಲಿ 40 ಮೀಟರ್ ಬ್ಯಾಂಡಿಗೆಂದು (ಸುಮಾರು 40 ಮೀಟರ್ ತರಂಗಾಂತರದ ಅಲೆಗಳಿಗೆಂದು) ಸುಮಾರು 10 ಮೀಟರ್ ಎತ್ತರದ ಲಂಬ ಆಂಟೆನಾ ನಿಲ್ಲಿಸಿದ್ದೇನೆ. ಕೇಬಲ್ಲಿನ ಹೊರ ಜಾಲರಿಯನ್ನು ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಜೋಡಿಸಿದ್ದೇನೆ. ಎಸ್‌ಡಬ್ಲ್ಯೂಆರ್ (ಕೇಬಲ್ಲಿಗೂ ಆಂಟೆನಾಕ್ಕೂ ಇರುವ ಹೊಂದಾಣಿಕೆಯ ಅಂಕಿ; 1 ಎಂದರೆ ಪೂರ್ಣ ಹೊಂದಾಣಿಕೆ) 1.1 ಇದ್ದರೂ ದೂರದವರಿಗೆ ನನ್ನ ಸಂಕೇತ ಕ್ಷೀಣವಾಗಿ ಕೇಳಿಸುತ್ತದೆಯಂತೆ. ನೆಲದಲ್ಲಿ ತಂತಿ ಹೂಳಲೇಬೇಕೇ?
– ಓದುಗರೊಬ್ಬರು, ಸಾಗರ

ಉತ್ತರ: ಹೂಳಲೇಬೇಕು. ಅರ್ಥಿಂಗ್ ಗುಂಡಿ ವಿದ್ಯುತ್ ಸುರಕ್ಷತೆಗೆ ಬೇಕಾದದ್ದು. ರೇಡಿಯೋ ತರಂಗದ ಕೆಲಸವನ್ನು ಅದು ಮಾಡಲಾರದು. ತಮ್ಮದರಂಥ ಕಾಲು ತರಂಗಾಂತರದ (ತರಂಗಾಂತರದ ನಾಲ್ಕನೇ ಒಂದು ಭಾಗದಷ್ಟು ಎತ್ತರದ) ಲಂಬ ಆಂಟೆನಾದಲ್ಲಿ ಕಂಬದ ಮೇಲೇರುವಷ್ಟೇ ಪ್ರವಾಹ ಸುತ್ತಲಿನ ನೆಲದ ಮೂಲಕ ಬುಡಕ್ಕೆ ಮರಳಬೇಕಾಗುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಂಥ ದುರ್ಬಲ ವಾಹಕದಲ್ಲಿ ಅದರ ಗಣನೀಯ ಭಾಗ ಶಾಖವಾಗಿ ಕಳೆದುಹೋಗುತ್ತದೆ.

ತಮ್ಮ 1.1ರ ಅಂಕಿಯೇ ಇದಕ್ಕೆ ಸಾಕ್ಷಿ ಎಂದು ನನಗನಿಸುತ್ತದೆ. ನೆಲದ ನಷ್ಟವೇ ಇಲ್ಲದಿದ್ದರೆ ಇಂಥ ಆಂಟೆನಾದ ಬುಡದಲ್ಲಿ ಸುಮಾರು 36 ಓಮ್ ರೋಧವಿದ್ದು, 50 ಓಮ್ ಕೇಬಲ್ಲಿಗೆ ಎಸ್‌ಡಬ್ಲ್ಯೂಆರ್ 1.4ರ ಆಸುಪಾಸಿನಲ್ಲಿರಬೇಕು. ಅದು 1.1ಕ್ಕೆ ಇಳಿದಿದೆಯೆಂದರೆ ಮಣ್ಣಿನ ರೋಧ ಅದಕ್ಕೆ ಸೇರಿಕೊಂಡಿರುವ ಸಂಭವವೇ ಹೆಚ್ಚು. ತಂತಿಗಳನ್ನು ಹೂಳುತ್ತ ಹೋದಂತೆ ಅಂಕಿ ಏರಿದರೆ ದಯವಿಟ್ಟು ಗಾಬರಿಯಾಗಬೇಡಿ. ಅದು ಸುಧಾರಣೆಯ ಲಕ್ಷಣ.

ಹೂತ ತಂತಿಗೆ ನಿಖರ ಉದ್ದದ ಕಟ್ಟುಪಾಡಿಲ್ಲ, ಸಂಖ್ಯೆಯೇ ಮುಖ್ಯ. 80 ಮೀಟರ್ ತಂತಿ ಇದ್ದರೆ 10 ಮೀಟರಿನ 8 ಎಳೆಗಳಿಗಿಂತ 5 ಮೀಟರಿನ 16 ಎಳೆಗಳನ್ನು ಹರಡುವುದು ಲೇಸು. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಸಾಕು, ಮೇಲ್ಹೊದಿಕೆ ಸುಲಿಯಬೇಕಿಲ್ಲ. ಅಲ್ಯೂಮಿನಿಯಂ ಮಾತ್ರ ಬೇಡ, ಮಣ್ಣಿನಲ್ಲಿ ಬೇಗ ಸವೆಯುತ್ತದೆ. ಸನಿಕೆಯ ಅಂಚಿನಿಂದ ನೆಲವನ್ನು ಸೀಳಿ, ಸೀಳಿನೊಳಕ್ಕೆ ತಂತಿಯನ್ನು ಒತ್ತಿ, ಕಾಲಿನಿಂದ ಮೆಟ್ಟಿದರಾಯಿತು. ಕಾಲಿಗೆ ತೊಡರದಂತೆ 3–5 ಸೆಂಟಿಮೀಟರ್ ಆಳ ಸಾಕು, ಇನ್ನೂ ಆಳಕ್ಕೆ ಇಳಿಸುವುದರಿಂದ ಪ್ರಯೋಜನವಿಲ್ಲ. ಒಂದು ಬದಿಗೆ ಗೋಡೆ ಅಡ್ಡ ಬಂದರೆ ಅಲ್ಲಿ ತಂತಿಯನ್ನು ಬಗ್ಗಿಸಿ ಗೋಡೆಯುದ್ದಕ್ಕೆ ಎಳೆಯಬಹುದು. ಎಲ್ಲ ತುದಿಗಳನ್ನೂ ಬುಡದ ಬಳಿ ನೆಲಮಟ್ಟಕ್ಕಿಂತ ಮೇಲಿರುವ ತಾಮ್ರದ ಬಳೆಯೊಂದಕ್ಕೆ ಬೋಲ್ಟಿನಿಂದ ಬಿಗಿದು, ಕೇಬಲ್ಲಿನ ಜಾಲರಿಯನ್ನು ಅದಕ್ಕೇ ಸೇರಿಸಿ. ಮಣ್ಣಿನೊಳಗೆ ಬೆಸುಗೆ ಹಾಕಿದ ಕೀಲು ಬಹುಕಾಲ ಬಾಳುವುದಿಲ್ಲ.

ಈಗಿರುವ ಅರ್ಥಿಂಗ್ ಗುಂಡಿಯನ್ನು ಮುಚ್ಚಬೇಡಿ. ಈ ಬಳೆ, ಆ ಗುಂಡಿ, ಮನೆಯ ವಿದ್ಯುತ್ ಅರ್ಥಿಂಗ್ ಮೂರನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಒಂದುಗೂಡಿಸಬೇಕು. ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ. ಮುಂಗಾರಿಗೆ ಮುನ್ನ ಗುಡುಗು ಕೇಳಿಸುವ ದಿನಗಳಲ್ಲಿ, ಮೋಡ ಕವಿಯುವ ಮೊದಲೇ ಕೇಬಲನ್ನು ಮನೆಯ ಹೊರಗೇ ಕಳಚಿಡಿ.