ವಾಯುಪಡೆಯ ಮುಖ್ಯಸ್ಥರು ರಾಜ್ಯಪಾಲರಾದ ಕಥೆ

ಪ್ರಶ್ನೆ: ಸೇನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಆಮೇಲೆ ಕ್ರೀಡಾಡಳಿತ ನೋಡಿಕೊಂಡು, ರಾಜ್ಯಪಾಲರೂ ಆದವರು ನಮ್ಮಲ್ಲಿ ಯಾರಾದರೂ ಇದ್ದಾರಾ ಸರ್? ಇದಕ್ಕೆಲ್ಲ ಕಾನೂನು ಒಪ್ಪುತ್ತದಾ?

ಉತ್ತರ: ಇದ್ದರು, ಏರ್ ಚೀಫ್ ಮಾರ್ಷಲ್ ಓ.ಪಿ. ಮೆಹ್ರಾ. 1919ರಲ್ಲಿ ಲಾಹೋರ್‌ನಲ್ಲಿ ಹುಟ್ಟಿದವರು. ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೂ ಅಧ್ಯಕ್ಷರಾಗಿದ್ದರು, ಇದು ಇಲ್ಲಿನವರಿಗೇ ಜಾಸ್ತಿ ಗೊತ್ತಿಲ್ಲ! 1973ರ ಜನವರಿಯಲ್ಲಿ ಪಿ.ಸಿ. ಲಾಲ್ ಅವರ ನಂತರ ವಾಯುಪಡೆಯ ಮುಖ್ಯಸ್ಥರಾದರು, 1976ರಲ್ಲಿ ನಿವೃತ್ತರಾದರು, ಮರುವರ್ಷ ಪದ್ಮವಿಭೂಷಣ ಬಂತು.

ನಿವೃತ್ತಿ ಅಂದರೆ ಸುಮ್ನೆ ಕೂರುವುದಲ್ಲ ಅನ್ನೋ ಜಾತಿಯವರು ಅವರು. ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾದರು. ರಾಜಮನೆತನದವರು ವರ್ಷಗಟ್ಟಲೆ ಕೂತಿದ್ದ ಕುರ್ಚಿ ಅದು: ಅವರಿಗೆ ಮುಂಚೆ ಇದ್ದವರೂ, 1980ರಲ್ಲಿ ಅವರ ನಂತರ ಬಂದವರೂ ಒಬ್ಬರೇ, ಪಟಿಯಾಲಾದ ರಾಜಾ ಭಲಿಂದ್ರ ಸಿಂಗ್. ನಡುವೆ ಒಬ್ಬ ಸೈನಿಕ ಬಂದು ಹೋದರು ಅನ್ನೋದೇ ನನಗೆ ಕುತೂಹಲ.

1980ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾದರು. 1982ರಲ್ಲಿ ರಾಜಸ್ಥಾನಕ್ಕೆ ಹೋದರು, 1985ರವರೆಗೆ ಅಲ್ಲಿದ್ದರು. 2015ರಲ್ಲಿ ತೀರಿಕೊಂಡರು.

ಇನ್ನು ಕಾನೂನು. ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿ. ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಅರ್ಹತೆ ಅಂತ ಸಂವಿಧಾನ ಹೇಳುವುದು ಇಷ್ಟೇ. ನಿವೃತ್ತ ಸೇನಾಧಿಕಾರಿಗೆ ಅಡ್ಡಿಯಿಲ್ಲ. ಆದರೆ ರಾಜಭವನದಲ್ಲಿದ್ದುಕೊಂಡು ಸಂಬಳದ, ಅಂದರೆ ಲಾಭದಾಯಕ ಅನ್ನಿಸಿಕೊಳ್ಳುವ ಬೇರೆ ಹುದ್ದೆ ಇಟ್ಟುಕೊಳ್ಳುವ ಹಾಗಿಲ್ಲ.