ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಮಳೆಗೆ ಕೊಚ್ಚಿಹೋಗದಂತೆ ಯಾವುದನ್ನು ಆರಿಸಬೇಕು?

ಸಾರಜನಕಕ್ಕೆ ನಿಧಾನವಾಗಿ ಕರಗುವ ಗೊಬ್ಬರ ಆರಿಸಿ. ರಂಜಕವನ್ನು ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಕೊಡಿ. ಎಲ್ಲಕ್ಕಿಂತ ಮೊದಲು, ಬೇರೂರಿದ ಲಾನ್‌ಗೆ ಅಭ್ಯಾಸಬಲದಿಂದ ಡಿಎಪಿ (ಡೈಅಮೋನಿಯಂ ಫಾಸ್ಫೇಟ್ ಗೊಬ್ಬರ) ಎರಚುವುದನ್ನು ಬಿಡಿ. ಅದರಲ್ಲಿ ಸಾರಜನಕ ಶೇ. 18, ರಂಜಕ (ಪೆಂಟಾಕ್ಸೈಡ್ ಲೆಕ್ಕದಲ್ಲಿ) ಶೇ. 46. ಹುಲ್ಲಿಗೆ ಬೇಕಾದ ಪ್ರಮಾಣ ಹೆಚ್ಚುಕಡಿಮೆ ಇದರ ತಿರುವುಮುರುವು. ಉಳಿದ ರಂಜಕ ಮಣ್ಣಿನ ಮೇಲ್ಪದರದಲ್ಲೇ ಕೂತು, ಹರಿಯುವ ನೀರಿನ ಜತೆ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಕೊಟ್ಟಿಗೆ ಗೊಬ್ಬರವನ್ನು ವರ್ಷಗಟ್ಟಲೆ ದಪ್ಪಗೆ ಹರಡಿದರೂ ಇದೇ ಕಥೆ.

ಯೂರಿಯಾದ ತೊಂದರೆ ಬೇರೆ. ಅದು ಸಕ್ಕರೆಯಂತೆ ಕರಗುತ್ತದೆ, ವಿದ್ಯುದಾವೇಶ ಇಲ್ಲದ್ದರಿಂದ ಜೇಡಿಕಣಗಳು ಅದನ್ನು ಹಿಡಿದಿಡುವುದಿಲ್ಲ. ಅಮೋನಿಯಂ ಆದಮೇಲೆ ಮಣ್ಣಿಗೆ ಅಂಟುತ್ತದೆ, ಆದರೆ ಅದಕ್ಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಬಿರುಮಳೆ ಬಂದರೆ ಚರಂಡಿ ಪಾಲು. ಬೇವು ಲೇಪಿತ ಎಂದು ನಿಶ್ಚಿಂತರಾಗಬೇಡಿ: ಬೇವಿನೆಣ್ಣೆಯು ಅಮೋನಿಯಂ ಮುಂದೆ ನೈಟ್ರೇಟ್ ಆಗಿ ಬದಲಾಗುವುದನ್ನು ತಡಮಾಡುತ್ತದೆಯೇ ಹೊರತು ಕರಗುವುದನ್ನು ತಡೆಯುವುದಿಲ್ಲ. ಆ ಕೆಲಸ ಗಂಧಕ ಅಥವಾ ಪಾಲಿಮರ್ ಲೇಪಿತ ಯೂರಿಯಾದ್ದು. ಬೆಲೆ ಹೆಚ್ಚು, ನಿಜ.

ಸಾದಾ ಯೂರಿಯಾವೇ ಗತಿಯಾದರೆ 100 ಚದರ ಮೀಟರಿಗೆ ಒಮ್ಮೆಗೆ ಅರ್ಧ ಕಿಲೋ ಸಾಕು. ಅಂದರೆ 230 ಗ್ರಾಂ ಸಾರಜನಕ. ಹುಲ್ಲಿನ ಎಲೆಗಳ ಮೇಲೆ ತೇವ ಇಲ್ಲದಾಗ ಎರಚಿ, ಕೂಡಲೇ ಸುಮಾರು 500 ಲೀಟರ್ ನೀರನ್ನು ಹರಿಯದಂತೆ ನಿಧಾನಕ್ಕೆ ಹನಿಸಿ. ಇದು 5 ಮಿ.ಮೀ. ಮಳೆಗೆ ಸಮ, ಕಾಳು ಕರಗಿ ಬೇರಿನತ್ತ ಇಳಿಯುತ್ತದೆ. ಸಿಮೆಂಟ್ ದಾರಿಗೆ ಬಿದ್ದ ಕಾಳನ್ನು ಗುಡಿಸಿ ಹುಲ್ಲಿಗೇ ಹಾಕಿ, ಪೈಪಿನಿಂದ ತೊಳೆಯಬೇಡಿ.